ಅತ್ತೆ ಕೈಜು ತೊಟ್ಟ ಶನಿವಾರ

ನಮ್ಮೂರಿನಲ್ಲಿ ಎರಡನೇ ಶನಿವಾರ ಮಧ್ಯಾಹ್ನ ಮೂರರ ಮೇಲೆ ಯಾರೂ ಕ್ಷೌರಕ್ಕೆ ಹೋಗುವುದಿಲ್ಲ. ಹೋದರೂ ಕೊಗ್ಗಣ್ಣ ಕತ್ತಿ ಮುಟ್ಟುವುದಿಲ್ಲ. ಅಂಗಡಿಯ ಮುಂದೆ ಕೈಜು ಒಂದು ಹೆಜ್ಜೆ ಇಟ್ಟರೆ ಕುರ್ಚಿ, ಗಿರಾಕಿ, ಕೊಗ್ಗಣ್ಣ ಮೂವರೂ ಒಟ್ಟಿಗೆ ಹಾರುತ್ತಾರೆ. ಮನೆಗಳಲ್ಲಿ ಕಿಟಕಿಯ ಗಾಜುಗಳನ್ನು ಬಿಚ್ಚಿ ಹಳೇ ಕಂಬಳಿಯಲ್ಲಿ ಸುತ್ತಿ ಮಂಚದ ಕೆಳಗೆ ಇಡುತ್ತಾರೆ. ಹಾಲಿನ ಪಾತ್ರೆಯನ್ನು ಕಟ್ಟೆಯ ಅಂಚಿನಿಂದ ಒಳಗೆ ಸರಿಸುತ್ತಾರೆ. ಕರೆಂಟಿನ ತಂತಿಗಳೆಲ್ಲ ನನ್ನ ಮದುವೆಗೆ ಮೊದಲೇ ನೆಲದೊಳಗೆ ಹೋಗಿದ್ದವು. ಪೇಟೆಬೀದಿಯಲ್ಲಿ ಮಹಡಿ ಕಟ್ಟಿಸಿದವರು ಹಲ್ಲಿನ ಡಾಕ್ಟರು ಒಬ್ಬರೇ; ಅವರು ತಿಂಗಳಿಗೊಮ್ಮೆ ತಮ್ಮ ಬಾಲ್ಕನಿಯ ಎದುರು ಬಂದು ನಿಲ್ಲುವ ಕಣಕಾಲನ್ನು ನೋಡುತ್ತ ಚಾ ಕುಡಿಯುತ್ತಾರೆ.

ಕೈಜು ಅಂದರೆ ವೇಷ. ನನ್ನ ಗಂಡನ ಅಜ್ಜನ ಕಾಲದಲ್ಲಿ ಜಪಾನಿನ ಸಿನಿಮಾದವರು ನಮ್ಮ ಕಡಲ ದಂಡೆಗೆ ಬಂದಿದ್ದರಂತೆ. ತೆಳು ಹಲಗೆಯಲ್ಲಿ ಮೊಣಕಾಲೆತ್ತರದ ಪಟ್ಟಣ ಕಟ್ಟಿ, ಒಬ್ಬ ಸಣಕಲು ಮನುಷ್ಯನಿಗೆ ರಬ್ಬರಿನ ದೈತ್ಯಪ್ರಾಣಿಯ ವೇಷ ತೊಡಿಸಿ, ಅವನ ಕಾಲಿನಿಂದ ಪಟ್ಟಣವನ್ನು ತುಳಿಸಿ, ಪಿಕ್ಚರ್ ತೆಗೆದುಕೊಂಡು ಹೋದರು. ‘ಕೈಜು, ಕೈಜು’ ಎಂದು ಅವರು ಕೂಗುತ್ತಿದ್ದುದರಿಂದ ನಮಗೂ ಅದು ಕೈಜು. ವೇಷವನ್ನು ಪೆಟ್ಟಿಗೆ ಸಮೇತ ಬಿಟ್ಟು ಹೋದರು. ಅವರ ಬಳಿ ಇದ್ದಷ್ಟು ದಿನ ಅದು ಆಳೆತ್ತರದ್ದೇ ಆಗಿತ್ತು. ನಮ್ಮವರು ತೊಟ್ಟಾಗ ಮೂರು ತೆಂಗಿನಮರದಷ್ಟು ಬೆಳೆಯಿತು. ಈಗ ನಮ್ಮಲ್ಲಿ ಕೈಜು ಬನ್ಸ್ ಸಿಗುತ್ತದೆ, ಕೈಜು ಸೋಡಾ ಸಿಗುತ್ತದೆ, ರಿಕ್ಷಾಗಳ ಹಿಂದೆ ಕೈಜುವಿನ ಚಿತ್ರ ಇರುತ್ತದೆ. ವರ್ಷಕ್ಕೊಮ್ಮೆ ಟಾಕೀಸಿನಲ್ಲಿ ಆ ಜಪಾನಿ ಪಿಕ್ಚರ್ ಹಾಕುತ್ತಾರೆ. ಭುಜ ಅಲ್ಲಾಡಿಸುತ್ತ ನಡೆಯುವುದು ಹೇಗೆ ಎಂದು ಜನ ನೋಡಿ ಕಲಿಯುತ್ತಾರೆ.

ವೇಷದಲ್ಲಿ ಎಲ್ಲವೂ ಬೆಳೆಯುತ್ತದೆ, ಎರಡನ್ನು ಬಿಟ್ಟು. ಒಂದು ಒಳಗಿನ ಮನುಷ್ಯ. ಅವನು ಕುತ್ತಿಗೆಯ ಪೊಳ್ಳಿನಲ್ಲಿ ತನ್ನ ಅಳತೆಯಲ್ಲೇ ನಿಂತು, ಸಣ್ಣ ತೂತುಗಳಿಂದ ಹೊರಗೆ ನೋಡುತ್ತಾನೆ. ಅವನು ಕೈ ಎತ್ತಿದರೆ ಕೈಜು ಕೈ ಎತ್ತುತ್ತದೆ, ಅವನು ಕೆಮ್ಮಿದರೆ ಕೈಜು ಗರ್ಜಿಸುತ್ತದೆ. ಇನ್ನೊಂದು ಕತ್ತಿನ ಹಿಂದಿನ ಜಿಪ್ಪು. ಎರಡು ಮೊಳದ ಹಿತ್ತಾಳೆಯ ಜಿಪ್ಪು. ಅದನ್ನು ಒಳಗಿನಿಂದ ತೆಗೆಯಲು ಬರುವುದಿಲ್ಲ. ಹೊರಗಿನಿಂದ ಯಾರಾದರೂ ಎಳೆಯಬೇಕು. ಆ ಯಾರಾದರೂ ನಾನು.

ನನ್ನ ಹೆಸರು ವಾರಿಜ. ಪೇಟೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಜಿಪ್ಪಿನ ಕೆಲಸ ಮಾಡುತ್ತಿದ್ದ ಹಿರಿಯರಿಗೆ ಮಂಡಿ ನೋವು ಶುರುವಾದಾಗ, ಜಿಪ್ಪು ತಾನೇ, ಟೈಲರು ಮಾಡಲಿ ಎಂದು ಊರು ನನ್ನ ಹೆಸರು ಹೇಳಿತು. ಹನ್ನೊಂದು ವರ್ಷವಾಯಿತು. ಕೈಜು ಪೇಟೆ ಸುತ್ತಿ ಬಂದು ದಂಡೆಯಲ್ಲಿ ಬೋರಲು ಮಲಗುತ್ತದೆ. ನಾನು ಸೊಂಟಕ್ಕೆ ತೆಂಗಿನೆಣ್ಣೆಯ ಡಬ್ಬಿ ಕಟ್ಟಿಕೊಂಡು ಬಾಲದಿಂದ ಹತ್ತಿ, ಬೆನ್ನಿನ ಮುಳ್ಳುಗಳನ್ನು ಹಿಡಿದು ಕತ್ತಿನವರೆಗೆ ಹೋಗಿ, ಜಿಪ್ಪಿಗೆ ಎಣ್ಣೆ ಸವರಿ ಎಳೆಯುತ್ತೇನೆ. ಅರ್ಧ ದಾಟಿದ ಕೂಡಲೇ ವೇಷ ಕುಗ್ಗತೊಡಗುತ್ತದೆ. ಲಿಫ್ಟಿನಲ್ಲಿ ಇಳಿದ ಹಾಗೆ ಮೆಲ್ಲಗೆ ಮರಳಿಗೆ ಇಳಿಯುತ್ತೇನೆ. ವೇಷ ಯಾರಿಗೆ ಎಂದು ಡಬ್ಬದಿಂದ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಆ ಡಬ್ಬದಲ್ಲಿ ನನ್ನ ಹೆಸರಿಲ್ಲ. ನಾನು ಒಳಗೆ ಹೋದರೆ ಜಿಪ್ಪು ತೆಗೆಯುವವರು ಯಾರು ಎಂಬುದು ಕೈಜು ಸಮಿತಿಯ ವಾದ. ನಾನೂ ಎದುರು ಮಾತಾಡಿರಲಿಲ್ಲ.

ಆ ತಿಂಗಳು ಚೀಟಿಯಲ್ಲಿ ನನ್ನ ಅತ್ತೆಯ ಹೆಸರು ಬಂತು.

ಅತ್ತೆ ರುಕ್ಕು, ಅರವತ್ತಾರು ವರ್ಷ. ನಲವತ್ತು ವರ್ಷ ಜಗಲಿಯಲ್ಲಿ ಕೂತು, ಮಡಿಲಲ್ಲಿ ಎಲೆ, ತಂಬಾಕಿನ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿದವರು. ಕತ್ತು ಗೆರಸೆಯ ಕಡೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಅವರು ಪಾತ್ರೆ ಇಟ್ಟರೆ ಸದ್ದಿಲ್ಲ, ಬಾಗಿಲು ಹಾಕಿದರೆ ಸದ್ದಿಲ್ಲ. ಮನೆಯಲ್ಲಿದ್ದಾರೆಯೇ ಎಂದು ತಿಳಿಯಲು ನಾನು ಎಷ್ಟೋ ಸಲ ಜಗಲಿಗೆ ಬಂದು ಇಣುಕಿದ್ದುಂಟು. ಇದ್ದಾರೆ ಎಂದು ಖಾತ್ರಿಯಾದ ಮೇಲೆ ಮಾತಾಡಿಸದೆ ಒಳಗೆ ಹೋದದ್ದೂ ಉಂಟು.

ನನ್ನ ಗಂಡ ಉಮಾನಾಥ ಊರಿನ ಮೈಕಿನವನು. ರಿಕ್ಷಾಕ್ಕೆ ಸ್ಪೀಕರು ಕಟ್ಟಿ ಬೀದಿಬೀದಿ ಸುತ್ತಿ, ಈ ತಿಂಗಳ ಕೈಜು ಯಾರು, ಯಾವ ದಾರಿಯಲ್ಲಿ ಹೋಗುತ್ತದೆ, ಯಾರ ಅಂಗಳದ ಬಟ್ಟೆ ತೆಗೆಯಬೇಕು ಎಂದು ಹೇಳುವುದು ಅವನ ಕೆಲಸ. ಅಂದು ಚೀಟಿ ಬಿಡಿಸಿದವನು “ಈ ತಿಂಗಳ ಕೈಜು ಶ್ರೀಮತಿ” ಎಂದು ಅಲ್ಲಿಗೇ ನಿಂತ. ಸ್ಪೀಕರಿನಲ್ಲಿ ಅವನ ಉಸಿರು ಮಾತ್ರ ಕೇಳಿಸಿತು. ಆಮೇಲೆ “ನಮ್ಮ ಅಮ್ಮ” ಎಂದ.

ಮನೆಗೆ ಬಂದವನು ಜಗಲಿಯಲ್ಲಿ ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತ. “ಅಮ್ಮ, ನಿನಗೆ ಆಗ್ಲಿಕ್ಕಿಲ್ಲ ಅಂತ ನಾನು ಸಮಿತಿಯ ಮಾಸ್ಟ್ರಿಗೆ ಹೇಳ್ತೇನೆ. ನನ್ನ ಹೆಸರಿಗೆ ಬರೆಸಿದ್ರೆ ಆಯ್ತು.”

ಅತ್ತೆ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದರು. “ಎಷ್ಟು ಗಂಟೆಗೆ?”

“ಎಂತದ್ದು?”

“ವೇಷ ಹಾಕ್ಲಿಕ್ಕೆ ಎಷ್ಟು ಗಂಟೆಗೆ ಹೋಗ್ಬೇಕು ಅಂತ ಕೇಳಿದ್ದು.”

ಉಮಾನಾಥ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. “ಮೂರಕ್ಕೆ” ಎಂದೆ.

ಗಂಡಸರು ಬನಿಯನ್, ಚಡ್ಡಿಯಲ್ಲಿ ವೇಷದೊಳಗೆ ಇಳಿಯುತ್ತಾರೆ, ಹೆಂಗಸರು ಚೂಡಿದಾರದಲ್ಲಿ. ಅತ್ತೆ ಎರಡಕ್ಕೂ ಒಪ್ಪಲಿಲ್ಲ. “ಊರಿಡೀ ನೋಡುವ ದಿನ ನಾನು ಸೀರೆ ಇಲ್ಲದೆ ಹೋಗುದಾ?” ಎಂದು ಕೇಳಿ, ಒಳ್ಳೆಯ ವಾಯಿಲ್ ಸೀರೆ ಉಟ್ಟು ಬಂದರು. ಒಳಗೆ ಒಲೆಯ ಹಾಗೆ ಸೆಕೆ ಇರುತ್ತದೆ, ಸೀರೆ ಯಾರಿಗೂ ಕಾಣುವುದೂ ಇಲ್ಲ ಎಂದು ನಾನು ಹೇಳಿದೆ. “ನನಗೆ ಗೊತ್ತಿರ್ತದಲ್ಲ” ಎಂದರು. ಸೆರಗನ್ನು ಸೊಂಟಕ್ಕೆ ಬಿಗಿದು, ಜಿಪ್ಪು ಏರಿಸಿ, ನಾನು ಓಡಿ ದೂರ ನಿಂತೆ. ನೆರಳು ನನ್ನನ್ನು ದಾಟಿ, ಮೀನಿನ ಶೆಡ್ಡು ದಾಟಿ, ಶಾಲೆಯವರೆಗೆ ಹೋಯಿತು.

ಕೈಜು ಮೊದಲ ಹೆಜ್ಜೆ ಇಟ್ಟಾಗ ಜನ ಗೊಳ್ಳೆಂದು ನಕ್ಕರು. ಪಿಕ್ಚರಿನ ನಡಿಗೆಯಲ್ಲ ಅದು. ತಲೆ ಬಗ್ಗಿಸಿ, ಪುಟ್ಟಪುಟ್ಟ ಹೆಜ್ಜೆ ಇಡುತ್ತ, ಕೆಸರಿನಲ್ಲಿ ನೆರಿಗೆ ಎತ್ತಿ ಹಿಡಿದ ಹಾಗೆ ಬಾಲವನ್ನು ಎಡಗೈಯಲ್ಲಿ ಎತ್ತಿ ಹಿಡಿದು ಅತ್ತೆ ಪೇಟೆಬೀದಿಗೆ ಬಂದರು. ಒಣಗಲು ಹರಡಿದ್ದ ಮೀನಿನ ಚಾಪೆಗಳ ನಡುವೆ ಹೆಬ್ಬೆರಳು ಊರಿ ದಾಟಿದರು. ಹಲ್ಲಿನ ಡಾಕ್ಟರ ಬಾಲ್ಕನಿಯ ಎದುರು ನಿಂತು ಒಂದು ಕೆಮ್ಮು ಕೆಮ್ಮಿದರು. ಮೂರು ಬೀದಿಯ ನಾಯಿಗಳು ಮಂಚದಡಿ ಸೇರಿದವು. ಡಾಕ್ಟರ ಚಾ ಅವರ ಅಂಗಿಯ ಮೇಲೆ ಬಿತ್ತು. ಆ ಸದ್ದು ತನ್ನದೇ ಎಂದು ತಿಳಿಯಲು ಅತ್ತೆಗೆ ಸ್ವಲ್ಪ ಹೊತ್ತು ಹಿಡಿಯಿತು. ಇನ್ನೊಮ್ಮೆ ಕೆಮ್ಮಿ ನೋಡಿದರು. ಈ ಸಲದ್ದು ಬೇಕೆಂದೇ ಕೆಮ್ಮಿದ್ದು. ಅದು ನನಗೂ ಗೊತ್ತಾಯಿತು.

ಆಮೇಲೆ ಕೈಜುವಿನ ಕತ್ತು ಮೆಲ್ಲಮೆಲ್ಲಗೆ ಮೇಲೆದ್ದಿತು. ಊರನ್ನು ನೋಡಿತು, ಹೊಳೆಯನ್ನು ನೋಡಿತು, ಸೇತುವೆಯನ್ನು ನೋಡಿತು. ಸೇತುವೆಯ ಮೇಲೆ ಕೆಟ್ಟು ನಿಂತ ಲಾರಿಯ ಹಿಂದೆ ನಮ್ಮೂರಿನ ಮೂರೂಕಾಲರ ಬಸ್ಸು ಸಿಕ್ಕಿಬಿದ್ದಿತ್ತು. ಮೂರೂಕಾಲರ ಬಸ್ಸು ಎಂದರೆ ನಾಲ್ಕೂವರೆಗೆ ಬರುವ ಬಸ್ಸು. ಅತ್ತೆ ಎಲೆ, ತಂಬಾಕು ತರಲು ಹೋಗಿ ವರ್ಷಗಟ್ಟಲೆ ಅದಕ್ಕೆ ಕಾದವರು. ನಾಲ್ಕು ಹೆಜ್ಜೆಯಲ್ಲಿ ಸೇತುವೆ ತಲುಪಿ, ಬಸ್ಸನ್ನು ಸೌತೆಕಾಯಿ ಎತ್ತಿದ ಹಾಗೆ ಎತ್ತಿ, ಅಲುಗಾಡಿಸದೆ ತಂದು ಬಸ್‌ಸ್ಟ್ಯಾಂಡಿನಲ್ಲಿ ಇಟ್ಟರು. ಡ್ರೈವರ್ ಇಳಿದು ವಾಚು ನೋಡಿದ. ಮೂರೂ ಹದಿನಾಲ್ಕು. ಒಳಗಿದ್ದ ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಕಂಡಕ್ಟರು ಮಾತ್ರ, “ಒಂದು ನಿಮಿಷ ಮೊದಲೇ ಬಂದ್ರೆ ಯಾರು ಜವಾಬ್ದಾರಿ?” ಎಂದು ಉಮಾನಾಥನನ್ನು ಕೇಳಿದ.

ಮೈದಾನದಲ್ಲಿ ಪ್ರತಿ ತಿಂಗಳೂ ಬಡಗಿ ವಾದಿರಾಜ ಆಚಾರಿ ಹಳೇ ಹಲಗೆ, ರಟ್ಟು ಸೇರಿಸಿ ಒಂದು ಎತ್ತರದ ಕಟ್ಟಡ ನಿಲ್ಲಿಸುತ್ತಾನೆ. ಕೈಜು ಅದನ್ನು ಒಡೆಯಬೇಕು. ಅತ್ತೆ ಅದರ ಮುಂದೆ ನಿಂತು, ಬಗ್ಗಿ, ಕಿಟಕಿಗಳನ್ನು ನೋಡಿದರು. ವಾಲಿದ್ದ ಮೇಲಿನ ಅಂತಸ್ತನ್ನು ಎರಡು ಬೆರಳಲ್ಲಿ ನೆಟ್ಟಗೆ ಮಾಡಿದರು. ಸಮಿತಿಯ ಅಧ್ಯಕ್ಷ ಸಂಜೀವ ಮಾಸ್ಟ್ರು, ಹಿಂದೆ ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದವರು, ಸೀಟಿ ಊದಿ ಒಡೆಯಿರಿ ಎಂದು ಕೈಸನ್ನೆ ಮಾಡಿದರು. ಅತ್ತೆ ಒಂದು ಬೆರಳಿನಿಂದ ತಳ್ಳಿದರು. ಕಟ್ಟಡ ದಡಾರನೆ ಬಿತ್ತು. ಆ ಸದ್ದಿಗೆ ಅವರು ತಲೆ ವಾಲಿಸಿ ಕಿವಿಗೊಟ್ಟರು. ಬಳಿಕ ಬಾಲವನ್ನು ಕೈಯಿಂದ ಬಿಟ್ಟು, ಬಿದ್ದ ಹಲಗೆಗಳ ಮೇಲೆ ಹತ್ತಿ ಏಳು ನಿಮಿಷ ತುಳಿದರು. ಬಲಗಾಲು, ಎಡಗಾಲು, ಬಾಲ, ಮತ್ತೆ ಬಲಗಾಲು. ಪಾತ್ರೆ ಸದ್ದು ಮಾಡದ ಹೆಂಗಸು ಕುಣಿಯುತ್ತಿದ್ದರು. ಆಚಾರಿ ನನ್ನ ಪಕ್ಕ ನಿಂತು ಹರ್ಷದಿಂದ ಕಣ್ಣೊರೆಸಿಕೊಂಡ. “ನನ್ನ ಕೆಲಸವನ್ನು ಇಷ್ಟು ಚೆಂದ ಯಾರೂ ಒಡೆಯಲಿಲ್ಲ, ವಾರಿಜಕ್ಕ” ಎಂದ.

ಐದಕ್ಕೆ ಕೈಜು ದಂಡೆಗೆ ಬಂದು ಮಲಗಬೇಕಿತ್ತು. ಅತ್ತೆ ಬಂದರು, ಆದರೆ ಮಲಗಲಿಲ್ಲ. ಹಾಗೇ ನೇರ ಸಮುದ್ರಕ್ಕೆ ನಡೆದು, ಸೊಂಟದುದ್ದ ನೀರಿನಲ್ಲಿ ನಮಗೆ ಬೆನ್ನು ಹಾಕಿ ನಿಂತರು. ಐದೂವರೆಯಾಯಿತು. ಉಮಾನಾಥ ದಂಡೆಯಿಂದ ಮೈಕಿನಲ್ಲಿ ಕರೆದ. “ಅಮ್ಮ, ವಾಪಸು ಬಾ. ಮಾತ್ರೆಯ ಹೊತ್ತಾಯ್ತು.” ಕೈಜು ತಿರುಗಿಯೂ ನೋಡಲಿಲ್ಲ.

ಆಗ ನನಗೆ ಹೆದರಿಕೆ ಹತ್ತಿತು. ಸೂರ್ಯ ಮುಳುಗಿದರೆ ಆ ಜಿಪ್ಪು ಯಾರ ಕೈಗೂ ಬಗ್ಗುವುದಿಲ್ಲ; ಮುಂದಿನ ಎರಡನೇ ಶನಿವಾರದವರೆಗೆ ಒಳಗೇ ಇರಬೇಕು. ಹಿಂದೊಮ್ಮೆ ಪೋಸ್ಟ್‌ಮಾಸ್ಟರೊಬ್ಬರು ಹಾಗೆ ಒಂದು ತಿಂಗಳು ಸಮುದ್ರದಲ್ಲಿ ಕಳೆದು, ಎದ್ದು ಬರುವಾಗ ಹಗ್ಗದ ಹಾಗಾಗಿದ್ದರು. ಅವರಿಗೆ ಮೂವತ್ತು ವರ್ಷವಾಗಿತ್ತು. ಅತ್ತೆಗೆ ಬಿ.ಪಿ., ಶುಗರು, ಎರಡೂ ಉಂಟು.

ಇಸ್ಮಾಯಿಲ್ ಬ್ಯಾರಿಯ ದೋಣಿಯಲ್ಲಿ ಹೊರಟೆ. ಹತ್ತಿರ ಹೋದಂತೆ ಕೈಜುವಿನ ಬೆನ್ನು ಗುಡ್ಡದ ಹಾಗೆ ಕಂಡಿತು. ನಿಂತ ಕೈಜುವನ್ನು ನಾನು ಯಾವತ್ತೂ ಹತ್ತಿದವಳಲ್ಲ. ಎಲ್ಲಿಂದ ಶುರುಮಾಡಲಿ ಎಂದು ನೋಡುತ್ತಿರುವಾಗ ಮೇಲಿನಿಂದ ಒಂದು ಕೈ ಬಂತು. ಎರಡು ಬೆರಳು ನನ್ನನ್ನು ದೋಣಿಯಿಂದ ಬೀಡಿ ಎತ್ತಿದ ಹಾಗೆ ಎತ್ತಿ, ಒಂದು ಕಡೆಯೂ ಒತ್ತದೆ, ಭುಜದ ಮೇಲೆ ಇಟ್ಟವು.

ಕತ್ತಿನ ಹಿಂದೆ ಜಾರಿ ಜಿಪ್ಪಿನ ಬಳಿ ಹೋದೆ. ಎಣ್ಣೆ ಸವರಿ ಎಳೆದೆ. ಒಂದಿಂಚು ಬಂದು ನಿಂತಿತು. ಬಿರುಕಿನಿಂದ ನೋಡಿದರೆ ವಾಯಿಲ್ ಸೀರೆಯ ಸೆರಗು ಜಿಪ್ಪಿನ ಹಲ್ಲಿಗೆ ಸಿಕ್ಕಿಕೊಂಡಿತ್ತು.

“ಅತ್ತೆ, ಸೆರಗು ಸಿಕ್ಕಿದೆ. ನೀವು ಉಸಿರು ಎಳ್ಕೊಂಡು ಒಳಗಿಂದ ಅದನ್ನು ಎಳೀರಿ.”

“ಎಳೆಯುದಿಲ್ಲ” ಎಂದರು ಅತ್ತೆ. ಬಿರುಕಿನಲ್ಲಿ ಅದು ಮಾತಾಗಿಯೇ ಕೇಳಿತು. ಊರಿಗೆ ಮಾತ್ರ ಅದು ಗುಡುಗಿನ ಹಾಗೆ ಕೇಳಿ, ಹಪ್ಪಳ ಒಣಗಿಸಿದವರು ಅಂಗಳಕ್ಕೆ ಓಡಿದರಂತೆ.

“ಹೊತ್ತು ಮುಳುಗ್ತದೆ ಅತ್ತೆ.”

“ಮುಳುಗ್ಲಿ. ಒಂದು ತಿಂಗಳು ತಾನೆ? ನನ್ನ ಸುದ್ದಿ ಬಿಡು.”

“ಮನೆಯಲ್ಲಿ ಎಂತ ಕಡಿಮೆ ಆಗಿದೆ ನಿಮಗೆ?”

“ಕಡಿಮೆ ಎಂತದೂ ಆಗ್ಲಿಲ್ಲ. ಅಲ್ಲಿ ನಾನು ಕೆಮ್ಮಿದ್ರೆ ಯಾರು ತಿರುಗಿ ನೋಡ್ತಾರೆ? ಇವತ್ತು ಕೆಮ್ಮಿದೆ, ಊರು ನಿಂತಿತು. ಬಸ್ಸು ಎತ್ತಿದೆ. ನೋಡು, ಅಲ್ಲಿ ದ್ವೀಪ ಉಂಟು, ಅದರ ಆಚೆ ಇನ್ನೊಂದು ದ್ವೀಪ ಉಂಟು. ಇದೆಲ್ಲ ಇಷ್ಟು ವರ್ಷ ಇಲ್ಲೇ ಇತ್ತು. ನನಗೆ ಯಾರೂ ಹೇಳ್ಲಿಲ್ಲ.”

ನಾನು ಆಚೀಚೆ ನೋಡಿದೆ. ಮುಳ್ಳುಗಳ ಮರೆಯಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ. “ನನಗೆ ಇಲ್ಲಿಂದ ಕಾಣುದಿಲ್ಲ” ಎಂದೆ. “ನಾನು ಇಷ್ಟು ವರ್ಷ ಹತ್ತಿ ನೋಡಿದ್ದು ಕೈಜುವಿನ ಬೆನ್ನು, ಈ ಜಿಪ್ಪು, ಇಷ್ಟೇ. ಒಳಗಿಂದ ಹೇಗೆ ಕಾಣ್ತದೆ ಅಂತ ಇಳಿದು ಬಂದವರೆಲ್ಲ ಹೇಳ್ತಾರೆ. ಕೇಳಿ ಕೇಳಿ ಸಾಕಾಗಿದೆ.”

ಅತ್ತೆ ಕೇಳಿದರು, “ನಿನಗೆ ಆಸೆ ಉಂಟಾ?”

“ಉಂಟು.”

“ಒಂದು ದಿನವೂ ಬಾಯಿ ಬಿಡ್ಲಿಲ್ಲ ನೀನು.”

“ನೀವೂ ಬಿಡ್ಲಿಲ್ಲ.”

“ಹೌದು” ಎಂದರು. ಮತ್ತೆ, “ನನ್ನನ್ನು ನೀನು ಕೇಳ್ಲಿಲ್ಲ, ನಿನ್ನನ್ನು ನಾನು ಕೇಳ್ಲಿಲ್ಲ. ಇಬ್ಬರೂ ಒಂದೇ ಅಡಿಗೆಕೋಣೆಯಲ್ಲಿ ಇದ್ದದ್ದು” ಎಂದರು. ಒಳಗೆ ಉಸಿರು ಎಳೆದುಕೊಂಡ ಸದ್ದಾಯಿತು. ಸೀರೆ ಸರ್ರನೆ ಒಳಗೆ ಹೋಯಿತು. ನನ್ನ ಕೈಯಲ್ಲಿದ್ದ ಜಿಪ್ಪು ಒಂದು ಮೊಳ ಇಳಿಯಿತು. ಇನ್ನೊಂದು ಚೂರು ಎಳೆದಿದ್ದರೆ ವೇಷ ಕುಗ್ಗುತ್ತಿತ್ತು.

“ಬಾ” ಎಂದರು ಅತ್ತೆ. “ಸರಿದು ನಿಲ್ತೇನೆ. ಜಾಗ ಉಂಟು.”

ನಾನು ಸೂರ್ಯನನ್ನು ನೋಡಿದೆ. ನೀರಿಗೆ ಇನ್ನೂ ಒಂದು ಆಳೆತ್ತರ ಇತ್ತು. ಕಾಲು ಒಳಗೆ ಹಾಕಿದೆ. ರಬ್ಬರು, ಬೆವರು, ತಂಬಾಕು ಮೂರೂ ಸೇರಿದ ವಾಸನೆ. ಜಿಪ್ಪು ಹಾಕದೆ ಕೈಜು ಕದಲುವುದಿಲ್ಲ. ಒಂದು ಕೈ ಹೊರಗೆ ಚಾಚಿ, ಜಿಪ್ಪನ್ನು ಮೇಲೆಳೆದು, ಕೊನೆಯ ಗಳಿಗೆಯಲ್ಲಿ ಬೆರಳು ಒಳಗೆ ತೆಗೆದುಕೊಂಡೆ. ಅತ್ತೆಯ ಬೆನ್ನಿಗೆ ನನ್ನ ಹೊಟ್ಟೆ ಅಂಟಿತ್ತು. ಅವರ ತಲೆಯ ಮೇಲಿಂದ ತೂತುಗಳಲ್ಲಿ ನೋಡಿದೆ.

ಎರಡು ದ್ವೀಪ ಇದ್ದವು. ಅವುಗಳ ಆಚೆ ಮೂರನೆಯದೂ ಇತ್ತು. ಅತ್ತೆಗೆ ತೋರಿಸಿದೆ. “ಅಯ್ಯೋ, ಅದನ್ನು ನಾನು ದೋಣಿ ಅಂದುಕೊಂಡಿದ್ದೆ” ಎಂದರು.

“ಎಡಗಾಲು ಮೊದಲು” ಎಂದು ಅವರೇ ಹೇಳಿದರು. ಇಬ್ಬರೂ ಎಡಗಾಲು ಎತ್ತಿದೆವು. ಕೈಜು ಎಡವಿತು, ಸಾವರಿಸಿಕೊಂಡಿತು, ನಡೆಯಿತು. ನನ್ನ ಕಾಲಿನ ಕೆಳಗೆ ಅಲೆಗಳು ಅಂಗಳದಲ್ಲಿ ಚೆಲ್ಲಿದ ನೀರಿನ ಹಾಗಿದ್ದವು. ಹಕ್ಕಿಗಳ ಗುಂಪೊಂದು ನಮ್ಮ ಮೊಣಕೈಯ ಕೆಳಗಿನಿಂದ ಹಾರಿ ಹೋಯಿತು. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟಕ್ಕೇ ಊರಿನ ಕಡೆಯಿಂದ ಹೆಂಚುಗಳು ಗಲಗಲ ಎಂದವು. ಆ ಹೊತ್ತಿಗೆ ಅತ್ತೆ ತಟಕ್ಕನೆ ಕೇಳಿದರು: “ಅಲ್ಲ ವಾರಿಜ, ಇನ್ನು ಜಿಪ್ಪು ತೆಗೆಯುದು ಯಾರು?”

ನನಗೆ ಅದು ಹೊಳೆದಿರಲಿಲ್ಲ. “ನಿಮ್ಮ ಮಗ” ಎಂದೆ.

ಉಮಾನಾಥ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೆ ನಾನು ಅವನ ಎರಡೂ ಕಾಲು ಹಿಡಿಯಬೇಕು. ಅತ್ತೆಯ ಬೆನ್ನು ಸಣ್ಣಗೆ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಕೈಜು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂಥ ಸದ್ದನ್ನು ನಮ್ಮೂರು ಅದುವರೆಗೆ ಕೇಳಿರಲಿಲ್ಲ. ದಂಡೆಯಲ್ಲಿದ್ದ ಜನ ಮೊದಲು ಕಿವಿ ಮುಚ್ಚಿಕೊಂಡರು, ಬಳಿಕ ಯಾಕೆಂದು ತಿಳಿಯದೆ ತಾವೂ ನಗಲು ಶುರುಮಾಡಿದರು. ಸಂಜೀವ ಮಾಸ್ಟ್ರು ನಗುತ್ತಲೇ ಸೀಟಿ ಊದಿದ್ದರಿಂದ ಸೀಟಿಯೂ ನಕ್ಕ ಹಾಗೆ ಕೇಳಿತು.

ನಾವು ದಂಡೆಗೆ ಬಂದು ಬೋರಲು ಮಲಗುವಾಗ ಸೂರ್ಯ ನೀರಿನಿಂದ ನಾಲ್ಕು ಬೆರಳು ಮೇಲಿದ್ದ. ಭುಜದ ಮೇಲೆ ನಾನಿಲ್ಲದ್ದನ್ನು ಉಮಾನಾಥ ನೋಡಿದ. ದೋಣಿಯಿಂದ ಇಳಿದ ಇಸ್ಮಾಯಿಲ್ ಬ್ಯಾರಿ ಅವನಿಗೆ ಕೈಸನ್ನೆಯಲ್ಲೇ ವಿಷಯ ತಿಳಿಸಿದರು. ಉಮಾನಾಥ ಚಪ್ಪಲಿ ಕಳಚಿದ. ಬಾಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಕಾರ್ಡ್‌ಲೆಸ್ ಮೈಕನ್ನು ಅಂಗಿಯ ಜೇಬಿಗೆ ಹಾಕಿದ, ಆಫ್ ಮಾಡಲು ಮರೆತ.

ಹಾಗಾಗಿ ಅವನು ಹತ್ತಿದ್ದನ್ನು ಇಡೀ ಊರು ಕೇಳಿತು. “ಇದು ಬಾಲ. ಬಾಲ ಅಗಲ ಉಂಟು. ಇಲ್ಲಿಂದ ಬಿದ್ರೆ ಎಂತ ಆಗುದಿಲ್ಲ. ಒಂದು. ಎರಡು. ಇದು ಅಲ್ಲಾಡ್ತದೆ. ಅಮ್ಮ, ನೀನು ಅಲ್ಲಾಡ್ಬೇಡ.” ರಿಕ್ಷಾದ ಮೇಲಿನ ಸ್ಪೀಕರಿನಿಂದ ಅವನ ತೇಕು ಪೇಟೆಯುದ್ದಕ್ಕೂ ಹರಡಿತು. “ಕೆಳಗೆ ನೋಡುದಿಲ್ಲ. ನೋಡಿದೆ. ಇನ್ನು ನೋಡುದಿಲ್ಲ.” ಆಮೇಲೆ ದೇವರ ಹೆಸರುಗಳು ಬಂದವು, ನಮ್ಮ ದೇವರದ್ದು ಮುಗಿದ ಮೇಲೆ ಇಗರ್ಜಿಯದ್ದು, ಮಸೀದಿಯದ್ದು. ಜನ ನಗುವುದನ್ನು ನಿಲ್ಲಿಸಿ ಅವನ ಜೊತೆ ಮುಳ್ಳುಗಳನ್ನು ಎಣಿಸುತ್ತಿದ್ದರು.

ಹನ್ನೆರಡನೆಯ ಮುಳ್ಳಿನ ಬಳಿ ಕೈ ಬಂದು ಜಿಪ್ಪನ್ನು ತಡವಿತು. “ವಾರಿಜಾ, ಯಾವ ಕಡೆ ಎಳೆಯುದು?”

“ಕೆಳಗೆ. ಅಂಗಿಯ ಜಿಪ್ಪಿನ ಹಾಗೆ” ಎಂದು ಜಿಪ್ಪಿನ ಸಂದಿಗೆ ಬಾಯಿಟ್ಟು ಹೇಳಿದೆ.

“ಬರುದಿಲ್ಲ.”

“ಅತ್ತೆ, ಉಸಿರು ಎಳ್ಕೊಳ್ಳಿ” ಎಂದೆ.

“ನೀನೂ ಎಳ್ಕೊ. ಇಬ್ಬರದ್ದೂ ಹೊಟ್ಟೆ ಉಂಟಲ್ಲ ಇಲ್ಲಿ.”

ಉಸಿರು ಎಳೆಯಬೇಕಾದರೆ ನಗು ನಿಲ್ಲಬೇಕು. ನಿಲ್ಲುತ್ತಿರಲಿಲ್ಲ. ತೂತುಗಳಲ್ಲಿ ಕೆಂಪು ಬೆಳಕು ತೆಳ್ಳಗಾಗುತ್ತಿತ್ತು. ಅತ್ತೆ ಕೈ ಹಿಂದೆ ಚಾಚಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. “ಈಗ” ಎಂದರು. ಇಬ್ಬರೂ ಒಟ್ಟಿಗೆ ಉಸಿರು ಎಳೆದೆವು. ಹೊರಗೆ ಉಮಾನಾಥ ಕಿರುಚಿಕೊಂಡು ಎಳೆದ. ಜಿಪ್ಪು ಬುಡದವರೆಗೆ ಹರಿದು ಹೋದ ಹಾಗೆ ಬಿಚ್ಚಿತು, ತಣ್ಣನೆ ಗಾಳಿ ಬಂತು, ವೇಷ ದೊಡ್ಡ ನಿಟ್ಟುಸಿರು ಬಿಟ್ಟು ಕುಗ್ಗತೊಡಗಿತು.

ಅತ್ತೆ ಮೊದಲು ಹೊರಗೆ ಬಂದರು, ಬೆವರಿನಲ್ಲಿ ಮಿಂದು, ಅರ್ಧ ಬಿಚ್ಚಿದ ಸೀರೆಯನ್ನು ಒಟ್ಟುಮಾಡಿಕೊಂಡು. ಹಿಂದಿನಿಂದ ನಾನು. ಸಂಜೀವ ಮಾಸ್ಟ್ರು ನಿಯಮದ ಮಾತೆತ್ತಿದರು. ಅತ್ತೆ ಅವರ ಕಡೆ ತಿರುಗಿ, “ಇನ್ನು ಮೇಲೆ ಡಬ್ಬದಲ್ಲಿ ಇವಳ ಚೀಟಿಯೂ ಹಾಕಿ, ಮಾಸ್ಟ್ರೆ. ಜಿಪ್ಪು ತೆಗೆಯುವ ಜನ ಈಗ ಇನ್ನೊಬ್ಬ ಇದ್ದಾನೆ” ಎಂದರು. ಮಾಮೂಲಿ ದನಿಯಲ್ಲೇ ಹೇಳಿದ್ದು. ಮಾಸ್ಟ್ರು ಪುಸ್ತಕ ತೆಗೆದು ಬರೆದುಕೊಂಡರು.

ಆ ಇನ್ನೊಬ್ಬ ಎಲ್ಲಿ ಎಂದು ಎಲ್ಲರೂ ನೋಡಿದೆವು. ವೇಷ ಕುಗ್ಗಿ ಆಳೆತ್ತರವಾಗಿ ಮರಳಿನ ಮೇಲೆ ಚಪ್ಪಟೆ ಬಿದ್ದಿತ್ತು. ಅದರ ಮೇಲೆ ಉಮಾನಾಥ ಬೋರಲು ಮಲಗಿ, ಒಂದು ರಬ್ಬರಿನ ಮುಳ್ಳನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿದ್ದ.

“ಎಷ್ಟು ಎತ್ತರ ಉಂಟು?” ಎಂದು ಅವನು ಕೇಳಿದ್ದು ಪೇಟೆಯ ತುದಿಯವರೆಗೆ ಕೇಳಿತು.

ಅತ್ತೆ ಅವನ ಪಕ್ಕ ಕೂತು, ಅವನ ಬೆನ್ನ ಮೇಲೆ ಕೈ ಇಟ್ಟರು. “ಒಂದು ಗೇಣು” ಎಂದರು. “ಇಳಿ ಮಗ. ಇಬ್ಬರೂ ಹಿಡಿದಿದ್ದೇವೆ.”

ನಾನು ಹೋಗಿ ಅವನ ಕಾಲು ಹಿಡಿದುಕೊಂಡೆ. ಅವನು ಮೆಲ್ಲಗೆ ಇಳಿದ.